ಗುಳೆ ಹೋಗುವ ಮನೆಗಳ ಮಕ್ಕಳನ್ನು ಓಣಿಯಲ್ಲೇ ಉಳಿಸಿಕೊಂಡ ಬಗೆ: ನನ್ನ ಅನುಭವ

ಯಾದಗಿರಿ ಜಿಲ್ಲೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಶಾಲೆಗಳ ಹಾಜರಿ ಹೇಗೆ ಕುಸಿಯುತ್ತದೆ ಎಂಬುದನ್ನು ಗುಳೆ ಹೋಗುವ ಮನೆಗಳ ಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಕೆಲಸದಲ್ಲಿ ಇರುವವರಿಗೆ ನಾನು ವಿವರಿಸಬೇಕಾಗಿಲ್ಲ. ಗಂಡ ಹೆಂಡತಿ, ಕೂಲಿಗೆ ಆಳು ಕರೆದೊಯ್ಯುವ ಮೇಸ್ತ್ರಿಯಿಂದ ಮುಂಗಡ ಪಡೆದು ಬೆಂಗಳೂರಿಗೋ ಪುಣೆಗೋ ಹೊರಟರೆ ಮಕ್ಕಳೂ ಅವರ ಬೆನ್ನಿಗೆ ಹೋಗುತ್ತಾರೆ. ಹೋಗದೆ ಉಳಿದವರು ಬೆಳಿಗ್ಗೆ ಟಂಟಂ ಆಟೊ ಏರಿ ಹತ್ತಿ ಬಿಡಿಸಲು ಹೋಗುತ್ತಾರೆ. ನಮ್ಮ ಮೂರು ಹಳ್ಳಿಗಳಲ್ಲಿಯೂ ಒಂದು ತಾಂಡಾದಲ್ಲಿಯೂ ಈಗ ಹಂಗಾಮಿಗೆ ಸುಮಾರು ಅರವತ್ತು ಮಕ್ಕಳು, ತಂದೆತಾಯಿ ಗುಳೆ ಹೋದ ಮೇಲೂ, ತಮ್ಮದೇ ಓಣಿಯಲ್ಲಿ ಅಜ್ಜಿಯ ಅಥವಾ ದೊಡ್ಡಮ್ಮನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾರೆ, ಮತ್ತು ಅವರಲ್ಲಿ ನಾಲ್ಕೈದು ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ವಾರ್ಷಿಕ ಪರೀಕ್ಷೆ ಬರೆಯುತ್ತಿದ್ದಾರೆ. ಇದು ಆಗದ ಮಾತು ಎಂದು ತಾಲ್ಲೂಕಿನ ಸಭೆಗಳಲ್ಲಿ ನನ್ನೆದುರೇ ಹೇಳಿದವರಿದ್ದಾರೆ. ಆಗಿದೆ, ಹೇಗೆ ಆಯಿತು ಎಂಬುದನ್ನು ನಮ್ಮಂತೆಯೇ ಕೆಲಸ ಮಾಡುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಾವು ಕೈಹಾಕಿದ್ದು ಎಲ್ಲರೂ ಮಾಡುವ ಹಂಗಾಮಿ ವಸತಿ ಕೇಂದ್ರಕ್ಕೆ. ಹಳೆಯ ಸಮುದಾಯ ಭವನವೊಂದನ್ನು ಬಾಡಿಗೆಯಿಲ್ಲದೆ ಪಡೆದು, ಅಡುಗೆಯವರು, ರಾತ್ರಿ ಕಾವಲಿನವರು, ಹಾಸಿಗೆ, ಪಾತ್ರೆ ಎಲ್ಲವನ್ನೂ ಹೊಂದಿಸಿದಾಗ ತಿಂಗಳಿಗೆ ಒಂದು ಮಗುವಿಗೆ 2,500ರಿಂದ 3,000 ರೂಪಾಯಿ ಖರ್ಚು ಬೀಳುತ್ತಿತ್ತು, ದಾನಿಗಳ ಹಣ ಸಂಕ್ರಾಂತಿಯ ಹೊತ್ತಿಗೇ ಮುಗಿಯುತ್ತಿತ್ತು. ಹಣಕ್ಕಿಂತ ಹೆಚ್ಚಾಗಿ ಅದನ್ನು ಸೋಲಿಸಿದ್ದು ಮಕ್ಕಳ ವಯಸ್ಸು. ಏಳೆಂಟು ವರ್ಷದವರು ರಾತ್ರಿಯಾದರೆ ಅಳುತ್ತಿದ್ದರು. ಐನೂರು ಹೆಜ್ಜೆ ದೂರದಲ್ಲೇ ಇರುವ ಅಜ್ಜಿಯ ಮನೆಗೆ ಓಡುತ್ತಿದ್ದರು. ಹನ್ನೆರಡು ದಾಟಿದ ಹೆಣ್ಣುಮಕ್ಕಳನ್ನಂತೂ ಯಾವ ತಾಯಿಯೂ ಅಲ್ಲಿ ಬಿಡಲಿಲ್ಲ. "ಹುಡುಗಿನ ಅಲ್ಲಿ ಬಿಟ್ಟು ಹೋಗೂದು ಹೆಂಗ್ರಿ ಅಕ್ಕಾರ, ನಾಳೆ ಏನರ ಆದ್ರ ಊರು ನಮ್ಮನ್ನ ಸುಮ್ಮನ ಬಿಡ್ತದೇನ್ರಿ?" ಎಂದು ಒಬ್ಬ ತಾಯಿ ಕೇಳಿದ ಮಾತಿಗೆ ಆ ಕೇಂದ್ರದ ಬಳಿ ಉತ್ತರವಿರಲಿಲ್ಲ.

ಆಮೇಲೆ ಮಕ್ಕಳನ್ನು ಅಜ್ಜಿಯರ ಮನೆಯಲ್ಲೇ ಇರಿಸಿ, ಆ ಮನೆಗೆ ತಿಂಗಳಿಗೆ 600 ರೂಪಾಯಿ ನಗದು ಕೊಡುವ ಏರ್ಪಾಡನ್ನು ಒಂದು ಹಂಗಾಮಿನ ಮಟ್ಟಿಗೆ ನಡೆಸಿದೆವು. ಮಕ್ಕಳು ಊರಲ್ಲಿ ಉಳಿದರು. ಹಣ ಮಾತ್ರ ಮನೆಯಲ್ಲಿ ಉಳಿಯಲಿಲ್ಲ. ಮೈಕ್ರೋಫೈನಾನ್ಸ್‌ನ ವಾರದ ಕಂತು ಕೇಳಿಕೊಂಡು ಮನೆಬಾಗಿಲಿಗೆ ಬರುವವರ ಮುಂದೆ ಮುದುಕಿಯ ಕೈಯಲ್ಲಿರುವ 600 ರೂಪಾಯಿ ಎಷ್ಟು ಹೊತ್ತು ನಿಂತೀತು? ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದ ಮೇಲೆ ಬಾಗಿಲಲ್ಲಿ ಕೂಗಾಡುವುದು ಕಡಿಮೆಯಾಯಿತು, ಆದರೆ ಸಾಲ ಸಾಲವಾಗಿಯೇ ಇದೆ. ಅಂದಿನಿಂದ ಯಾವ ಮನೆಗೂ ನಗದು ಕೊಡಬಾರದು ಎಂಬುದು ನಮ್ಮ ಗುಂಪಿನ ನಿಯಮ.

ಆ ಹಂಗಾಮಿನಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು, ನಮ್ಮ ಕೆಲಸವೆಲ್ಲ ತಿರುಗಿದ್ದು ಅಲ್ಲಿಂದ. ಊರಲ್ಲಿ ಉಳಿದ ಗಂಡುಮಕ್ಕಳು ಶಾಲೆಗೆ ಹೋಗುತ್ತಿದ್ದರು, ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ. ಆರನೆಯ ತರಗತಿಯ ಹುಡುಗಿಯೊಬ್ಬಳ ಮನೆಗೆ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ಕುಳಿತೆ. ಅಜ್ಜಿಗೆ ಎರಡೂ ಕಣ್ಣಿನಲ್ಲಿ ಪೊರೆ, ಹಂಚು ಕಾದದ್ದು ಅವಳಿಗೆ ಕೈಗೆ ಬಿಸಿ ತಾಗಿದಾಗಲೇ ತಿಳಿಯುತ್ತಿತ್ತು. ಹುಡುಗಿ ನೀರು ತಂದು, ಒಲೆ ಹಚ್ಚಿ, ಎಸರು ಕಾಯಿಸಿ ಹಿಟ್ಟಿಗೆ ಹಾಕಿ ನಾದಿ, ಬಡಿಯಲು ಕುಳಿತಳು. ಅವಳ ಅಂಗೈಗೆ ರೊಟ್ಟಿ ಹಿಗ್ಗುತ್ತಿರಲಿಲ್ಲ. ಅಂಚು ಸೀಳಿ ಎರಡು ರೊಟ್ಟಿ ಹರಿದವು, ಹರಿದದ್ದನ್ನು ಮತ್ತೆ ಉಂಡೆ ಮಾಡಿ ಬಡಿದಳು. ಎಂಟು ರೊಟ್ಟಿ ಬೇಯುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು, ಶಾಲೆಯ ಪ್ರಾರ್ಥನೆ ಮುಗಿದಿತ್ತು. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟವಿದೆ, ಮೊಟ್ಟೆಯೂ ಇದೆ. ಆದರೆ ಅಜ್ಜಿಗೂ ತಮ್ಮನಿಗೂ ಬೆಳಿಗ್ಗೆ ಸಂಜೆಯ ರೊಟ್ಟಿಯನ್ನು ಮಾಡುವವರು ಯಾರು? ಹೆಣ್ಣುಮಗುವನ್ನು ಊರಲ್ಲಿ ಉಳಿಸುವುದೆಂದರೆ ಅವಳನ್ನು ಒಲೆಯ ಮುಂದೆ ಕೂರಿಸುವುದೇ ಆಗಿತ್ತು. ಹಾಜರಿಯ ತೊಡಕು ರೊಟ್ಟಿಯಲ್ಲಿತ್ತು, ಮತ್ತು ಅದನ್ನು ಯಾವ ಯೋಜನಾ ವರದಿಯೂ ಬರೆದಿರಲಿಲ್ಲ.

ಹಾಗಾಗಿ ಸ್ವಸಹಾಯ ಗುಂಪಿನ ಒಂಬತ್ತು ಹತ್ತು ಹೆಂಗಸರನ್ನು ಕೂಡಿಸಿ ರೊಟ್ಟಿ ಕೇಂದ್ರ ಆರಂಭಿಸಿದೆವು. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ. ಒಬ್ಬೊಬ್ಬರು ತೊಂಬತ್ತರಿಂದ ನೂರು ರೊಟ್ಟಿ ಬಡಿಯುತ್ತಾರೆ. ಅದರಲ್ಲಿ 250, 260ರಷ್ಟು ಮೆತ್ತನೆಯ ರೊಟ್ಟಿ ಏಳೂವರೆಯೊಳಗೆ ಮಕ್ಕಳಿರುವ ಮನೆಗಳಿಗೆ ಹೋಗುತ್ತವೆ, ತಾಂಡಾಕ್ಕೆ ಬುಟ್ಟಿ ಕಟ್ಟಿ ಬೈಕಿನಲ್ಲಿ ಕಳುಹಿಸುತ್ತೇವೆ. ಮಗುವಿಗೆ ದಿನಕ್ಕೆ ಮೂರು, ಅಜ್ಜಿಗೆ ಎರಡು. ಉಳಿದ ಆರುನೂರರಷ್ಟನ್ನು ಖಡಕ್ ಮಾಡಿ ಮಾರುತ್ತೇವೆ.

ಲೆಕ್ಕವನ್ನು ನೆನಪಿನಿಂದ ಬರೆಯುತ್ತೇನೆ. ಜೋಳ ಕೆಜಿಗೆ 32ರಿಂದ 35 ರೂಪಾಯಿ, ಕೆಜಿಗೆ ಹದಿಮೂರು ರೊಟ್ಟಿ. ಹಿಟ್ಟು, ಬೀಸುವುದು, ಕಟ್ಟಿಗೆ ಸೇರಿ ರೊಟ್ಟಿಗೆ 3 ರೂಪಾಯಿಗೆ ಹತ್ತಿರ, ಬಡಿಯುವವರಿಗೆ 2 ರೂಪಾಯಿ. ಸಗಟಿಗೆ 7 ರೂಪಾಯಿಗೆ ಕೊಟ್ಟರೆ 2 ರೂಪಾಯಿ ಉಳಿಯುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ 30,000. ಮಕ್ಕಳ ರೊಟ್ಟಿಯ ಕೂಲಿಗೂ ಬೇಳೆ, ಎಣ್ಣೆಗೂ ಅಷ್ಟೇ ಹಣ ಬೇಕು. ಒಂದು ಮಗುವಿಗೆ ತಿಂಗಳಿಗೆ 500 ರೂಪಾಯಿ, ವಸತಿ ಕೇಂದ್ರದ ಖರ್ಚಿನ ಐದನೆಯ ಒಂದು ಪಾಲು! ಮಕ್ಕಳ ಜೋಳವನ್ನು ಮಾತ್ರ ತಂದೆತಾಯಿಯೇ ಹೊರಡುವ ಮುನ್ನ ಕೊಡುತ್ತಾರೆ, ಒಂದು ಮಗುವಿಗೆ ಅರ್ಧ ಕ್ವಿಂಟಲ್. ಜೋಳ ಇಲ್ಲದವರು ಮುಂಗಡದಿಂದ 1,600 ರೂಪಾಯಿ ಕಟ್ಟುತ್ತಾರೆ, ಮೂರರಲ್ಲಿ ಒಂದು ಪಾಲು ಮನೆಗಳಿಗೆ ಎರಡೂ ಆಗುವುದಿಲ್ಲ, ಅವರ ಪಾಲನ್ನು ಸುಗ್ಗಿಯಲ್ಲಿ ಊರಿನ ರೈತರು ಕೊಡುವ ಕಾಳಿನಿಂದ ತುಂಬುತ್ತೇವೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಇಬ್ಬರು ಹೆಂಗಸರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಜೋಳದ ಚೀಲ ತಾವೇ ಹೊತ್ತು ತಂದಿಟ್ಟ ತಂದೆಗೆ ಮಗನನ್ನು ದಾನಕ್ಕೆ ಒಪ್ಪಿಸಿದೆ ಎಂಬ ಸಂಕೋಚವಿರುವುದಿಲ್ಲ. ಫೋನು ಮಾಡಿ ರೊಟ್ಟಿ ಸರಿಯಾಗಿ ಬರುತ್ತಿದೆಯೇ ಎಂದು ಹಕ್ಕಿನಿಂದ ಕೇಳುತ್ತಾನೆ.

ಮಾರಾಟದಲ್ಲಿ ಪೆಟ್ಟು ತಿಂದೆವು. ಮೊದಲ ವರ್ಷ ಬೆಂಗಳೂರಿಗೆ ಬಸ್ಸಿನಲ್ಲಿ ಕಳುಹಿಸಿದ ರೊಟ್ಟಿಯಲ್ಲಿ ಕಾಲು ಭಾಗ ಚೂರಾಗಿ ತಲುಪಿತು, ಉದ್ದರಿ ಪಡೆದ ವ್ಯಾಪಾರಿಯೊಬ್ಬರು 12,000ದಷ್ಟು ಹಣ ಇಂದಿಗೂ ಕೊಟ್ಟಿಲ್ಲ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ನಿಂತ ಮೇಲೆ ನಮ್ಮ ಭಾಗದ ರೊಟ್ಟಿಗೂ ಬೇಡಿಕೆ ಬಂದಿದೆ. ಈಗ ಚೂರಾಗುವುದು ನೂರಕ್ಕೆ ಎರಡೋ ಮೂರೋ. ಹೇಗೆ ಕಟ್ಟುತ್ತೇವೆ ಎಂಬುದು ನಮ್ಮ ಹೆಂಗಸರ ಗಳಿಕೆಯ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಹೊತ್ತಿನ ಮಾತು. ಮೇಸ್ತ್ರಿ ಮುಂಗಡ ಕೊಟ್ಟ ಮೇಲೆ ಮಾತಾಡಿ ಪ್ರಯೋಜನವಿಲ್ಲ. ಗಂಡ ಹೆಂಡತಿಗೆ 40,000ದವರೆಗೆ ಕೊಟ್ಟಿರುತ್ತಾರೆ. ಆ ಹಣದ ಹಿಂದೆ, ದೊಡ್ಡ ಮಗಳು ಸೈಟಿನಲ್ಲಿ ಕೂಸು ನೋಡಿಕೊಳ್ಳುತ್ತಾಳೆ ಎಂಬ ಲೆಕ್ಕವೂ ಇರುತ್ತದೆ. ನಾವು ಮನೆಮನೆಯ ಮಾತನ್ನು ಗಣೇಶನ ಹಬ್ಬದ ಹೊತ್ತಿಗೇ ಆರಂಭಿಸಿ ಮಹಾನವಮಿಯೊಳಗೆ ಮುಗಿಸುತ್ತೇವೆ. ಯಾವ ಮೇಸ್ತ್ರಿ ಯಾವ ವಾರ ಬರುತ್ತಾನೆಂಬುದು ನಮಗೆ ಮೊದಲೇ ತಿಳಿಯುತ್ತದೆ. ಹೇಗೆ ಎಂಬುದನ್ನು ಬಂದು ಕೇಳಿದವರಿಗೆ ಹೇಳಿಯೇನು, ಬರೆದರೆ ಆ ದಾರಿ ಮುಚ್ಚುತ್ತದೆ. ಗುಳೆಯನ್ನೇ ತಡೆಯಬೇಕೆನ್ನುವವರೊಡನೆ ನನ್ನ ಜಗಳವಿಲ್ಲ, ಆದರೆ 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇದ್ದಾಗ ಬೆಂಗಳೂರಿನ ಸೈಟಿನಲ್ಲಿ ಜೋಡಿಗೆ 1,300 ಸಿಗುತ್ತಿತ್ತು. ಹೋಗುವವರು ಹೋಗಲಿ, ಮಕ್ಕಳನ್ನು ಬಿಟ್ಟು ಹೋಗಲಿ ಎಂಬುದಷ್ಟೇ ನಮ್ಮ ಪಟ್ಟು.

ತಾಯಂದಿರು ಒಪ್ಪಿದ್ದಕ್ಕೆ, ರಾಜ್ಯದೊಳಗೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯೂ ಕಾರಣ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 2023ರ ಜೂನ್‌ನಿಂದ ಬೆಂಗಳೂರಿನಲ್ಲಿರುವ ತಾಯಿ ಟಿಕೆಟ್ಟಿನ ಚಿಂತೆಯಿಲ್ಲದೆ ತಿಂಗಳಿಗೊಮ್ಮೆ ಬಂದು ಮಕ್ಕಳನ್ನು ನೋಡಿ ಹೋಗಬಲ್ಲಳು. ಪುಣೆಗೆ ಹೋದವರಿಗೆ ಈ ಅನುಕೂಲವಿಲ್ಲ, ಮತ್ತು ಹಂಗಾಮಿನ ನಡುವೆ ನಮ್ಮ ಕೈತಪ್ಪಿ ಹೋದ ಮಕ್ಕಳೆಲ್ಲ ಪುಣೆಯ ಮನೆಗಳವರೇ.

ಹನ್ನೆರಡು ದಾಟಿದ ಹುಡುಗಿಯರ ವಿಷಯ ಬೇರೆ. ಬಿಟ್ಟು ಹೋಗಲು ಹೆದರಿ ಗುಳೆಗೆ ಮುನ್ನ ಮದುವೆ ಮಾಡಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಹೇಳಿದರೆ ತಂದೆ ಕೇಳಿಸಿಕೊಳ್ಳುತ್ತಾನೆ, ಹೆದರಿಕೆ ಮಾತ್ರ ಹೋಗುವುದಿಲ್ಲ. ಹೆದರಿಕೆ ತಗ್ಗಿಸಿದ್ದು ರಾತ್ರಿಯ ಏರ್ಪಾಡು. ನಾಲ್ಕೈದು ಹುಡುಗಿಯರು ಒಂದೇ ಅಜ್ಜಿಯ ಮನೆಯಲ್ಲಿ ಮಲಗುತ್ತಾರೆ, ಅವರೊಡನೆ ಗುಂಪಿನ ಒಬ್ಬ ಹೆಂಗಸು. ಆ ಹೆಂಗಸು ಯಾರೆಂಬುದನ್ನು ತಾಯಂದಿರೇ ಆರಿಸುತ್ತಾರೆ. ಕುಡಿಯುವ ಗಂಡಸು ಇರುವ ಮನೆಗೆ, ಅವನು ಸ್ವಂತ ಚಿಕ್ಕಪ್ಪನಾದರೂ, ಮಗುವನ್ನು ಬಿಡುವುದಿಲ್ಲ. ಬಂಧುಗಳಲ್ಲದವರ ಮನೆಯಲ್ಲಿ ಇರಿಸುವ ಪ್ರಸಂಗ ಬಂದರೆ ಅದು ಮಕ್ಕಳ ಕಲ್ಯಾಣ ಸಮಿತಿಯ ತೀರ್ಮಾನ, ನಮ್ಮದಲ್ಲ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಬರೆದಿದ್ದೇವೆ, ಒಮ್ಮೆ ಮಕ್ಕಳೇ ಅದಕ್ಕೆ ಕರೆ ಮಾಡಿ ನಿಶ್ಚಿತಾರ್ಥವೊಂದನ್ನು ನಿಲ್ಲಿಸಿದ್ದಾರೆ. ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ ಎಂದು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ.

ಕಾಗದಪತ್ರದಲ್ಲಿ ಎರಡು ವಿಷಯಗಳನ್ನು ಹೇಳಲೇಬೇಕು. ಅಜ್ಜಿಯದು ಬೇರೆ ರೇಷನ್ ಕಾರ್ಡ್ ಆಗಿದ್ದರೆ ಮಕ್ಕಳ ಅಕ್ಕಿ ತಂದೆಯ ಕಾರ್ಡಿನಲ್ಲಿ ಉಳಿಯುತ್ತದೆ, ಊರಲ್ಲಿರುವ ಮಗುವೇ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಐದು ವರ್ಷ ತುಂಬಿದ ಮೇಲೆ ಆಧಾರ್‌ನ ಬಯೋಮೆಟ್ರಿಕ್ ನವೀಕರಣವಾಗದ ಮಗುವಿನ ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ಗುಳೆಗೆ ಮುನ್ನ ಸೆಪ್ಟೆಂಬರಿನಲ್ಲೇ ಇದನ್ನು ಮುಗಿಸಿದರೆ ಆರು ತಿಂಗಳ ಅಕ್ಕಿ ಉಳಿಯಿತು. ಎರಡನೆಯದು ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ನೆರವು. ಗುಳೆ ಹೋಗಿದ್ದಾರೆ ಎಂಬ ಕಾರಣಕ್ಕೆ ಅದು ಸಿಗುವುದಿಲ್ಲ. ಆದರೆ ನಮ್ಮ ಪಟ್ಟಿಯಲ್ಲಿ ತಂದೆ ಸತ್ತ, ತಾಯಿ ಒಬ್ಬಳೇ ದುಡಿಯುವ ಮನೆಗಳು ಹತ್ತಾರಿದ್ದವು. ಹಳ್ಳಿಯಲ್ಲಿ ವರ್ಷದ ಆದಾಯದ ಮಿತಿ 72,000. ಆದಾಯ ಪತ್ರಕ್ಕೂ ಬ್ಯಾಂಕ್ ಖಾತೆಗೂ ಓಡಾಡಿ ಅರ್ಜಿ ಹಾಕಿಸಿದ್ದರಲ್ಲಿ ಅರ್ಧದಷ್ಟು ಮಂಜೂರಾದವು, ಮತ್ತು ಮಂಜೂರಾದ ಮನೆಗಳ ತಾಯಂದಿರಲ್ಲಿ ಹೆಚ್ಚಿನವರು ಮರುವರ್ಷ ಗುಳೆಗೇ ಹೋಗಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಅಜ್ಜಿಯರಿಗೆ ತಲಾ ಎರಡು ಆಡು ಕೊಡಿಸಿದ್ದು ನೆಟ್ಟಗಾಗಲಿಲ್ಲ. ಆಡು ಮೇಯಿಸಲು ಮೊಮ್ಮಗನೇ ಶಾಲೆ ಬಿಟ್ಟ, ಹಾಗಾಗಿ ಅವುಗಳನ್ನು ಮಾರಿಸಿದೆವು. ಭಾನುವಾರ ಸಂಜೆ ತಂದೆತಾಯಿಗೆ ವಿಡಿಯೊ ಕರೆ ಮಾಡಿಸುವುದು ಚೆನ್ನಾಗಿ ನಡೆದಿದೆ, ಸಣ್ಣ ಮಕ್ಕಳಿಗೆ ಮಾತ್ರ ಕರೆ ಮುಗಿದ ಮೇಲೆ ಸಂಕಟ ಹೆಚ್ಚಾಗುವುದರಿಂದ ಅವರಿಗೆ ಬರಿಯ ಧ್ವನಿಯ ಕರೆ ಸಾಕು ಎಂದು ಕಂಡುಕೊಂಡೆವು. ಕೂಸುಗಳನ್ನು ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಗೆ ಸೇರಿಸಿದ್ದರಿಂದ ಅಕ್ಕಂದಿರಿಗೆ ಬಿಡುವು ಸಿಕ್ಕಿದೆ, ಅದು ಬೇಗ ಮುಚ್ಚುವ ದಿನಗಳಲ್ಲಿ ರೊಟ್ಟಿ ಕೇಂದ್ರವೇ ಅವರನ್ನು ನೋಡಿಕೊಳ್ಳುತ್ತದೆ. ಅಜ್ಜಿಯರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತ ಶಿಬಿರಗಳಲ್ಲಿ ಮಾಡಿಸಿದ್ದು ಎಲ್ಲಕ್ಕಿಂತ ಅಗ್ಗದ ಮತ್ತು ಎಲ್ಲಕ್ಕಿಂತ ಫಲ ಕೊಟ್ಟ ಕೆಲಸ. ಮೊದಲ ವರ್ಷವೇ ಇದನ್ನು ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಎಂಟನೆಯ ತರಗತಿಗೆ ಬೇರೆ ಊರಿಗೆ ಹೋಗಬೇಕಾದ ತಾಂಡಾದ ಹುಡುಗಿಯರ ಓಡಾಟ. ಬೆಳಗಿನ ಬಸ್ಸು ತಾಂಡಾಕ್ಕೆ ಬರಲಿ ಎಂದು ನವೆಂಬರಿನ ಮಕ್ಕಳ ಗ್ರಾಮ ಸಭೆಯಲ್ಲಿ ಹುಡುಗಿಯರೇ ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿದ್ದಾರೆ. ಬಸ್ಸು ಬರುವವರೆಗೆ ರೊಟ್ಟಿಯ ಬುಟ್ಟಿ ಇಳಿಸುವ ಬೈಕಿನ ಬದಲು ಟಂಟಂ ಗೊತ್ತುಮಾಡಿ, ಬುಟ್ಟಿ ಇಳಿಸಿ ಹುಡುಗಿಯರನ್ನು ಕರೆದೊಯ್ಯುವ ಏರ್ಪಾಡಿಗೆ ತಿಂಗಳಿಗೆ 6,000 ಬೇಕು. ಅಂದರೆ ದಿನಕ್ಕೆ ನೂರಿಪ್ಪತ್ತು ರೊಟ್ಟಿ ಹೆಚ್ಚು ಮಾರಬೇಕು, ಅದಕ್ಕೆ ಇನ್ನಿಬ್ಬರು ಹೆಂಗಸರು ಬರುವ ಹಂಗಾಮಿನಿಂದ ಒಲೆಗೆ ಬರಲು ಒಪ್ಪಿದ್ದಾರೆ.