ಓಮ್ನಿ, ಈಕೋ ಬಾಗಿಲು ಬಿಗಿಯಾದರೆ ಗ್ರೀಸ್ ಡಬ್ಬ ಮುಟ್ಟಬೇಡಿ

ಓಮ್ನಿ, ಈಕೋ ಇರುವ ಮನೆಗಳಲ್ಲಿ ಮತ್ತೆ ಮತ್ತೆ ಕೈಕೊಡುವುದು ಸ್ಲೈಡಿಂಗ್ ಬಾಗಿಲು. ಬಿಗಿಯಾದ ಕೂಡಲೇ ಚಾನೆಲ್‌ಗೆ, ಅಂದರೆ ಬಾಗಿಲಿನ ರೋಲರ್ (ಪುಟ್ಟ ಗಾಲಿ) ಓಡುವ ಹಳಿಗೆ, ಗ್ರೀಸ್ ಮೆತ್ತುವುದು ರೂಢಿ. ನಾಲ್ಕು ದಿನ ಸಲೀಸಾಗಿ ಓಡುತ್ತದೆ. ಆಮೇಲೆ ಅದೇ ಗ್ರೀಸ್ ಧೂಳು ಹಿಡಿದು ಮರಳುಕಾಗದದಂತಾಗಿ ರೋಲರನ್ನೇ ತಿನ್ನುತ್ತದೆ.

ಬಾಗಿಲು ಮೂರು ಚಾನೆಲ್‌ಗಳಲ್ಲಿ ಓಡುತ್ತದೆ: ಮೇಲೆ ಟಾಪಿನ ಅಂಚಿನಲ್ಲಿ, ಕೆಳಗೆ ಫುಟ್‌ಬೋರ್ಡ್ ಬಳಿ, ಹಿಂದೆ ಬಾಡಿಯ ಹೊರಮೈಯಲ್ಲಿ. ಭಾರ ಹೊರುವುದು ಕೆಳಗಿನದು ಮತ್ತು ಹಿಂದಿನದು. ಮೇಲಿನದು ಬಾಗಿಲು ಓಲಾಡದಂತೆ ಹಿಡಿಯುತ್ತದೆ, ಅಷ್ಟೆ. ಬಾಗಿಲನ್ನು ಅರ್ಧ ತೆರೆದು ಹಿಂದಿನ ಅಂಚನ್ನು ಮೇಲಕ್ಕೆತ್ತಿ ನೋಡಿ. ‘ಟಕ್’ ಎಂದು ಆಡಿದರೆ ಹಿಂದಿನ ರೋಲರ್ ಸವೆದಿದೆ. ಮುಂದಿನ ಕೆಳಮೂಲೆ ಆಡಿದರೆ ಕೆಳಗಿನದು.

ಹಳೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೂರೂ ಚಾನೆಲ್ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ ಬೀಡಿಂಗ್‌ಗೆ, ಅಂದರೆ ಬಾಗಿಲಿನ ಸಂದು ಮುಚ್ಚುವ ರಬ್ಬರ್ ಪಟ್ಟಿಗೆ, ತಾಗಬಾರದು, ಉಬ್ಬಿಕೊಳ್ಳುತ್ತದೆ.

ರೋಲರ್ ಕೊಳ್ಳುವಾಗ ಅಂಗಡಿಯಲ್ಲೇ ಬೆರಳಿನಿಂದ ತಿರುಗಿಸಿ. ಸದ್ದಿಲ್ಲದೆ ಸುತ್ತಬೇಕು, ಪಿನ್ ಮೇಲೆ ಅಲುಗಬಾರದು. ಬೇರಿಂಗ್ ಇಲ್ಲದ ಬರೀ ಪ್ಲಾಸ್ಟಿಕ್ ರೋಲರ್ ಅಗ್ಗ, ಆದರೆ ಬೇಡವೇ ಬೇಡ. ಕೆಳಗಿನದನ್ನೂ ಹಿಂದಿನದನ್ನೂ ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಬಾಗಿಲು ಓರೆಯಾಗಿ ಹೊಸದೂ ಬೇಗ ಸವೆಯುತ್ತದೆ.

ಬಿಚ್ಚುವ ಮುನ್ನ, ರೋಲರನ್ನು ಬಾಗಿಲಿಗೆ ಹಿಡಿದಿಡುವ ಬ್ರಾಕೆಟ್ಟಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಬಾಗಿಲಿನ ಅಡಿಗೆ ಜಾಕ್, ಅದರ ಮೇಲೆ ಮರದ ತುಂಡು, ಮಡಚಿದ ಗೋಣಿ ಇಡಿ. ಆಧಾರಕ್ಕೆ ಇನ್ನೊಬ್ಬರು ಇರಲೇಬೇಕು. ಬೋಲ್ಟ್ ಬಿಚ್ಚಿ, ರೋಲರ್ ಬದಲಿಸಿ, ಹಳೆ ಗೆರೆಗೇ ಕೂರಿಸಿ ಅರೆಬಿಗಿ ಮಾಡಿ.

ಕೆಲಸ ಕೆಡುವುದು ಇನ್ನು ಮುಂದೆ, ಸೆಟ್ಟಿಂಗ್‌ನಲ್ಲಿ. ಬಾಗಿಲು ಕೂರಲಿಲ್ಲವೆಂದು ಬಹಳ ಮಂದಿ ಮೊದಲು ಕೈ ಹಾಕುವುದು ಸ್ಟ್ರೈಕರ್‌ಗೆ, ಅಂದರೆ ಲಾಕ್ ಕಚ್ಚಿಕೊಳ್ಳುವ ಕಂಬಿಗೆ. ಅದನ್ನು ಮೇಲೆ ಸರಿಸಿದರೆ ಬಾಗಿಲು ಕೂರುತ್ತದೆ ನಿಜ, ಆದರೆ ಮುಚ್ಚಿದಾಗಲೆಲ್ಲ ಜೋತುಬಿದ್ದ ಬಾಗಿಲಿನ ಭಾರವನ್ನು ಲಾಕ್ ಎತ್ತಬೇಕಾಗುತ್ತದೆ. ಕೆಲವೇ ತಿಂಗಳಲ್ಲಿ ಲಾಕ್ ಹೋಗುತ್ತದೆ. ಹಾಗಾಗಿ ಸ್ಟ್ರೈಕರನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಈಗ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮುಂದಿನ ಬಾಗಿಲಿನ ಬಾಡಿ ಗೆರೆಯೊಂದಿಗೆ ಇದರ ಗೆರೆ ಸೇರುತ್ತದೆಯೇ ನೋಡಿ. ಮುಂದಿನ ತುದಿ ಇಳಿದಿದ್ದರೆ ಕೆಳಗಿನ ಬ್ರಾಕೆಟ್, ಹಿಂದಿನ ತುದಿ ಇಳಿದಿದ್ದರೆ ಹಿಂದಿನ ಬ್ರಾಕೆಟ್ ಸರಿಸಿ. ಒಂದು ಸಲಕ್ಕೆ ಒಂದೇ ಮಿಲಿಮೀಟರ್, ಪ್ರತಿ ಸಲವೂ ಮುಚ್ಚಿ ನೋಡಿ. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕಂಡ ಮೇಲೆ ಬೋಲ್ಟ್ ಪೂರ್ತಿ ಬಿಗಿದು, ಸ್ಟ್ರೈಕರನ್ನು ಲಾಕಿನ ಬಾಯಿಗೆ ನೇರವಾಗಿ ಕೂರಿಸಿ.

ಕೆಲವು ಗ್ಯಾರೇಜುಗಳಲ್ಲಿ ಸಬ್ಬಲ್ ಕೊಟ್ಟು ಬಾಗಿಲನ್ನು ಮೇಲಕ್ಕೆ ಮೀಟುತ್ತಾರೆ. ಬಿಡಬೇಡಿ. ಬ್ರಾಕೆಟ್ ಒಮ್ಮೆ ಬಾಗಿದರೆ ಯಾವ ಸೆಟ್ಟಿಂಗೂ ನಿಲ್ಲದು.

ಬೀಡಿಂಗ್ ಪರೀಕ್ಷೆಗೆ ಪತ್ರಿಕೆಯ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆಯಿರಿ. ಎಲ್ಲ ಕಡೆಯೂ ತುಸು ಹಿಡಿದು ಬರಬೇಕು. ಸಡಿಲವಾಗಿ ಬಂದ ಜಾಗದಲ್ಲೇ ಮಳೆನೀರು ಒಳಬರುವುದು.

ಕೊನೆಗೆ ರೋಲರ್ ಪಿನ್‌ಗಳಿಗೆ ಮಾತ್ರ ಸಿಲಿಕೋನ್ ಸ್ಪ್ರೇ ಹೊಡೆದು, ಹೆಚ್ಚಾದದ್ದನ್ನು ಒರೆಸಿ. ಚಾನೆಲ್ ಒಣಗಿರಲಿ. ಮಣ್ಣುರಸ್ತೆಯಲ್ಲಿ ಓಡಾಡುವ ಗಾಡಿಯಾದರೆ ಕೆಳಗಿನ ಚಾನೆಲನ್ನು ತಿಂಗಳಿಗೊಮ್ಮೆ ಒರೆಸಿ.