ಕೊಬ್ಬರಿ ಮಂಡಿಯಲ್ಲಿ ತೂಗಿದ ಹಾಯಿದೋಣಿ

ತಿಪಟೂರಿನ ಹೊರಗೆ ನನ್ನದೊಂದು ಫೈಬರ್ ಕೆಲಸದ ಶೆಡ್ ಇದೆ. ಬಸ್ಸಿನ ಬಂಪರ್, ಟ್ರ್ಯಾಕ್ಟರ್ ಟಾಪು, ಒಡೆದ ನೀರಿನ ಟ್ಯಾಂಕು, ಮದುವೆ ಮಂಟಪದ ಕಂಬ, ಏನು ತಂದರೂ ಮಾಡಿಕೊಡುತ್ತೇನೆ. ಹಾಯಿದೋಣಿ ಬರುತ್ತದೆ ಅಂತ ಮಾತ್ರ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ತಂದವರು ನಮ್ಮೂರ ಸುಬೇದಾರಣ್ಣ. ಸೈನ್ಯದ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದು ನಿವೃತ್ತಿಯಾದವರು, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಬಿಡೋದು ಕಲಿತವರು. ಎಲ್ಲೋ ಹರಾಜಿನಲ್ಲಿ ಹಿಡಿದ ಹಳೇ ದೋಣಿಯನ್ನು ಟಾಟಾ ಏಸ್‌ನಲ್ಲಿ ಹೇರಿಸಿಕೊಂಡು ಬಂದರು. ಅರ್ಧ ದೋಣಿ ಗಾಡಿಯಿಂದ ಆಚೆ, ಹಿಂದುಗಡೆ ಕೆಂಪು ಟವೆಲ್ಲು ಬೇರೆ. "ನೀನು ಬಸ್ ಬಂಪರ್ ಮಾಡ್ತೀಯಲ್ಲಪ್ಪ, ಇದೂ ಅದೇ ಸಾಮಾನು" ಅಂದರು. ಅರ್ಧ ನಿಜ, ಅರ್ಧ ಸುಳ್ಳು. ಬಂಪರ್ ಒಳಗೆ ನೀರು ಹೋದರೆ ಯಾರೂ ಕೇಳಲ್ಲ.

ಅದು ಎಂಟರ್‌ಪ್ರೈಸ್ ಅನ್ನೋ ಜಾತಿಯ ದೋಣಿ. ಜ್ಯಾಕ್ ಹೋಲ್ಟ್ ಅನ್ನೋ ಇಂಗ್ಲೆಂಡಿನವರು 1956ರಲ್ಲಿ ಹೊರತಂದ ವಿನ್ಯಾಸ. ಉದ್ದ 4.04 ಮೀಟರ್, ಅಗಲ 1.62 ಮೀಟರ್. ಇಬ್ಬರು ಕೂರಬಹುದು. ದೊಡ್ಡದೊಂದು ಚಿಕ್ಕದೊಂದು ಹಾಯಿ, ಎರಡೂ ಸೇರಿ ಸುಮಾರು 10.5 ಚದರ ಮೀಟರ್, ಬಣ್ಣ ನೀಲಿ. ಮೊದಲು ಇದನ್ನು ಪ್ಲೈವುಡ್‌ನಲ್ಲಿ ಮಾಡುತ್ತಿದ್ದರಂತೆ. ಆಮೇಲೆ ಫೈಬರ್ ಬಂದರೂ ಆಕಾರ ಹಾಗೇ ಉಳಿಯಿತು. ಅದಕ್ಕೇ ತಳ ದುಂಡಗಿಲ್ಲ, ಹಲಗೆ ಹಲಗೆ ಕೂಡಿಸಿದ ಹಾಗೆ ಪಕ್ಕಕ್ಕೆರಡು ಮೂಲೆ ಏಣುಗಳಿವೆ. ನಮ್ಮ ಕಸುಬಿನವರಿಗೆ ಗೊತ್ತು, ಅಚ್ಚಿನ ಚೂಪು ಮೂಲೆಯಲ್ಲಿ ಗಾಜಿನ ನಾರಿನ ಮ್ಯಾಟ್ ಸರಿಯಾಗಿ ಕೂರೋದಿಲ್ಲ, ಬರೀ ರೆಸಿನ್ ಅನ್ನೋ ಅಂಟು ದ್ರವ ತುಂಬಿಕೊಂಡಿರುತ್ತದೆ. ಪೆಟ್ಟು ಬಿದ್ದರೆ ಅಲ್ಲೇ ಮೊದಲು ಚಕ್ಕೆ ಏಳೋದು. ಈ ದೋಣಿಯ ಏಣುಗಳೆಲ್ಲ ಇಲಿ ಕಡಿದ ಹಾಗಿದ್ದವು.

ಅದಕ್ಕಿಂತ ನನ್ನನ್ನು ತಡೆದದ್ದು ಭಾರ. ಇಳಿಸೋಕೆ ನಾಲ್ಕು ಜನ ಸಾಲಲಿಲ್ಲ. ಬರೀ ಒಡಲು 94 ಕೆ.ಜಿ. ಇರಬೇಕು ಅಂದರು ಅಣ್ಣ. ನಮ್ಮೂರಲ್ಲಿ ತೂಕಕ್ಕೇನು ಬರ? ಪಕ್ಕದ ಕೊಬ್ಬರಿ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಅಡ್ಡಪಟ್ಟಿ ಇಟ್ಟು ಹಮಾಲಿಗಳ ಕೈಲಿ ಎತ್ತಿಸಿದೆವು. 137. ಸಾಹುಕಾರರು ಕನ್ನಡಕ ಸರಿಮಾಡಿಕೊಂಡು, "ತೇವಾಂಶ ಜಾಸ್ತಿ ಇದೆ, ಈ ಮಾಲು ನಾನು ತಗೊಳಲ್ಲ" ಅಂದರು. ತಮಾಷೆಗೆ ಅಂದದ್ದೇ ಸರಿಯಾದ ರೋಗ.

ಈ ದೋಣಿಗಳಲ್ಲಿ ಎರಡು ಪಕ್ಕಕ್ಕೂ ಮೂತಿಗೂ ಮುಚ್ಚಿದ ಗಾಳಿ ಟ್ಯಾಂಕುಗಳಿರುತ್ತವೆ. ಮಗುಚಿದರೂ ಮುಳುಗದೆ ತೇಲೋದು ಅದರಿಂದಲೇ. ದುಂಡನೆಯ ತಿರುಪಿನ ಮುಚ್ಚಳ ಬಿಚ್ಚಿ ಕೈ ಹಾಕಿದರೆ ಎಡಗಡೆ ಟ್ಯಾಂಕಿನಲ್ಲಿ ಕೊಳೆತ ನೀರು. ಒಳಗಿದ್ದ ಹಳದಿ ಫೋಮ್ ತುಂಡುಗಳು ನೆನೆದ ರೊಟ್ಟಿಯ ಹಾಗೆ ಭಾರವಾಗಿದ್ದವು. ಆ ಫೋಮ್ ನೀರು ಕುಡಿಯೋದಿಲ್ಲ ಅನ್ನೋದು ಹೊಸದಿದ್ದಾಗಿನ ಮಾತು. ವರ್ಷಗಟ್ಟಲೆ ನೀರಲ್ಲಿ ಕೂತರೆ ಕುಡಿಯುತ್ತದೆ, ಕುಡಿದದ್ದನ್ನು ಬಿಡೋದಿಲ್ಲ. ಎಲ್ಲ ಕಿತ್ತು ಬಿಸಾಕಿದೆ. ಬದಲಿಗೆ ಬಿರಡೆ ಬಿಗಿದ ಖಾಲಿ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ಪಕ್ಕಕ್ಕೆ ಇಪ್ಪತ್ತರಂತೆ ನಲವತ್ತು. ಒಂದು ಲೀಟರ್ ಗಾಳಿ ನೀರಿನಲ್ಲಿ ಹೆಚ್ಚುಕಮ್ಮಿ ಒಂದು ಕೆ.ಜಿ. ಹೊರುತ್ತದೆ. ಟ್ಯಾಂಕೇ ಒಡೆದುಹೋದರೂ ಬಾಟಲಿಗಳು 80 ಕೆ.ಜಿ. ಎತ್ತಿ ಹಿಡಿಯುತ್ತವೆ. ನೋಡೋಕೆ ಗುಜರಿ ಅಂಗಡಿ, ಇರಲಿ ಬಿಡಿ, ಮುಚ್ಚಳ ಹಾಕಿದ ಮೇಲೆ ಯಾರು ನೋಡ್ತಾರೆ?

ಇನ್ನು ಸೋರಿಕೆ ಹುಡುಕಬೇಕಲ್ಲ. ಇಲ್ಲಿ ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಶೆಡ್ಡಿನಲ್ಲಿ ಪೇಂಟ್ ಹೊಡೆಯೋ ಕಂಪ್ರೆಸರ್ ಇದೆ. ಮುಚ್ಚಳಕ್ಕೆ ತೂತು ಮಾಡಿ, ಪೈಪು ಸಿಕ್ಕಿಸಿ, ಸೋಪು ನೀರು ಬಳಿದು ಗಾಳಿ ಬಿಟ್ಟೆ. ಗುಳ್ಳೆ ಬರೋ ಮೊದಲೇ 'ಟಪ್' ಅಂತ ಸದ್ದು. ಮೇಲಿನ ಡೆಕ್ಕು ಒಡಲಿಗೆ ಕೂಡೋ ಜಾಗ ಮೊಳದುದ್ದ ಬಾಯಿ ಬಿಟ್ಟುಕೊಂಡಿತು. "ಏನಪ್ಪ, ಟೈರು ಅಂದ್ಕೊಂಡ್ಯಾ?" ಅಂದರು ಅಣ್ಣ.

ರಾತ್ರಿ ಕೂತು ಲೆಕ್ಕ ಹಾಕಿದೆ. ಟೈರಿನ ಗಾಳಿ ಒತ್ತಡ ಅಳೆಯೋ ಪಿಎಸ್‌ಐ ಲೆಕ್ಕದಲ್ಲಿ ಒಂದು ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 70 ಗ್ರಾಂ. ಟೈರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಟ್ಯಾಂಕಿನ ಮೈ ಒಂದು ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಇದ್ದರೆ 3,000 ಚದರ ಸೆಂಟಿಮೀಟರ್. ಒಂದೇ ಪಿಎಸ್‌ಐಗೆ 210 ಕೆ.ಜಿ. ಒತ್ತಡ! ಮೂರು ಆಳು ಒಳಗಿಂದ ಒದ್ದ ಹಾಗೆ. ಟೈರು ದುಂಡಗಿರೋದರಿಂದ ತಡೆಯುತ್ತದೆ, ಚಪ್ಪಟೆ ಹಲಗೆ ತಡೆಯೋದಿಲ್ಲ. ಆಮೇಲಿಂದ ಪೈಪಿಗೆ ಬಾಯಿ ಇಟ್ಟು ಊದಿಯೇ ನೋಡೋದು. ಸೋಪಿನ ಗುಳ್ಳೆ ಅಷ್ಟಕ್ಕೇ ಏಳುತ್ತದೆ. ಗುಳ್ಳೆ ಎದ್ದ ಕಡೆಯೆಲ್ಲ ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಹದಿನಾಲ್ಕು ಸಿಕ್ಕವು. ಅದರಲ್ಲಿ ಒಂಬತ್ತು ಯಾರೋ ಹಿಂದೆ ಸ್ಕ್ರೂ ಹೊಡೆದು ಬಿಚ್ಚಿದ ತೂತುಗಳು.

ಸ್ಕ್ರೂ ತೂತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಕಂಡ ಹಾಗೆ ದೋಣಿ ಸಾಯೋದು ಅಲ್ಲಿಂದಲೇ. ಚುಕ್ಕಾಣಿಯನ್ನು ಹಿಂಬದಿ ಗೋಡೆಗೆ ಎರಡು ಕೊಂಡಿಯಲ್ಲಿ ತೂಗುಹಾಕಿರುತ್ತಾರೆ. ಗೋಡೆಗೆ ಗಟ್ಟಿ ಬರಲಿ ಅಂತ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇಟ್ಟಿರುತ್ತಾರೆ. ಕೊಂಡಿ ಅಲುಗಾಡಿ ಸ್ಕ್ರೂ ಸಡಿಲವಾದರೆ ಹನಿ ಹನಿ ನೀರು ಆ ಪ್ಲೈವುಡ್‌ಗೆ ಸೇರುತ್ತದೆ, ಹೊರಗಿಂದ ಏನೂ ಕಾಣೋದಿಲ್ಲ. ನಮ್ಮ ಕಡೆ ಎಳನೀರು ಬಡಿದು ನೋಡುತ್ತಾರಲ್ಲ, ಹಾಗೆ ಹತ್ತು ರೂಪಾಯಿ ನಾಣ್ಯದಲ್ಲಿ ಬಡಿದುಕೊಂಡು ಹೋದೆ. ಠಣ್, ಠಣ್, ಠಣ್... ಕೆಳಗಿನ ಕೊಂಡಿ ಹತ್ತಿರ ಬಂದಾಗ ದಬ್. ಸುತ್ತ ಅಂಗೈ ಅಗಲ ಎಲ್ಲ ದಬ್ ದಬ್. ಒಳಗಿನ ಫೈಬರ್ ಪದರ ಗ್ರೈಂಡರ್‌ನಲ್ಲಿ ಕೊಯ್ದರೆ ಪ್ಲೈವುಡ್ ಕೈಗೆ ಕಾಫಿ ಗಸಿಯ ಹಾಗೆ ಉದುರಿತು.

ನೀರು ತಡೆಯೋ ಹೊಸ ಮರೈನ್ ಪ್ಲೈ ಕೂರಿಸಿ, ಎಪಾಕ್ಸಿ ಅನ್ನೋ ಗಟ್ಟಿ ಅಂಟಿನಲ್ಲಿ ಅಂಟಿಸಿದೆ. ಕೊಂಡಿಗೆ ತೂತು ಹೊಡೆಯೋವಾಗ ಬೋಲ್ಟ್‌ಗಿಂತ ಎರಡು ಪಟ್ಟು ದಪ್ಪ ಕೊರೆದು, ಅದನ್ನು ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಸರಿಯಾದ ಅಳತೆಗೆ ಕೊರೆದೆ. ಈಗ ಬೋಲ್ಟ್ ಸಡಿಲವಾದರೂ ನೀರಿಗೆ ಸಿಗೋದು ಎಪಾಕ್ಸಿ, ಮರವಲ್ಲ. ಸ್ಕ್ರೂ ಬಿಟ್ಟು ಆಚೆಗೂ ಹಾಯೋ ಬೋಲ್ಟು, ಒಳಗಡೆ ಅಗಲ ವಾಷರ್. ಒಂದು ಎಚ್ಚರ: ಪಾಲಿಯೆಸ್ಟರ್ ಫೈಬರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ನಮ್ಮ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಹಿಡಿಯಲ್ಲ, ಸಿಪ್ಪೆ ಏಳುತ್ತದೆ.

ಏಣುಗಳಿಗೆ ಮಾಮೂಲಿ ಕೆಲಸ. ಉಜ್ಜಿ, ಮ್ಯಾಟ್ ಕೂರಿಸಿ, ಮೇಲೆ ಜೆಲ್‌ಕೋಟ್, ಅಂದರೆ ಹೊರಮೈಯ ಬಣ್ಣದ ರೆಸಿನ್ ಪದರ. ಗಾಳಿ ತಾಗಿದ ಕಡೆ ಜೆಲ್‌ಕೋಟ್ ಪೂರ್ತಿ ಒಣಗದೆ ಅಂಟಂಟಾಗೇ ಉಳಿಯುತ್ತದೆ. ಬಳಿದ ತಕ್ಷಣ ಮೇಲೊಂದು ನುಣುಪು ಪ್ಲಾಸ್ಟಿಕ್ ಹಾಳೆ ಒತ್ತಿದರೆ ಗಾಜಿನ ಹಾಗೆ ಬರುತ್ತದೆ. ಏಪ್ರಿಲ್ ಬಿಸಿಲು. ಕಿಲೋ ರೆಸಿನ್‌ಗೆ 10 ಗ್ರಾಂ ಹಾರ್ಡ್ನರ್ ಹಾಕಿದರೂ ಬ್ರಷ್ ಎತ್ತೋದರೊಳಗೆ ಮಗ್ಗಿನಲ್ಲೇ ಗಟ್ಟಿಯಾಗುತ್ತಿತ್ತು, ಹಾಗಾಗಿ ಬೆಳಿಗ್ಗೆ ಏಳರೊಳಗೆ ಮುಗಿಸುತ್ತಿದ್ದೆ. ಈ ಕೆಲಸ ಮನೆಯಲ್ಲಿ ಮಾಡೋರಿದ್ದರೆ ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕೋ ಕೋಬಾಲ್ಟ್ ದ್ರವವನ್ನೂ ಹಾರ್ಡ್ನರನ್ನೂ ನೇರವಾಗಿ ಎಂದೂ ಬೆರೆಸಬೇಡಿ. ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಪೂರ್ತಿ ಕಲೆಸಿ, ಆಮೇಲಷ್ಟೇ ಹಾರ್ಡ್ನರ್.

ನಡುವಿನ ಹಲಗೆ ಬಗ್ಗೆ ಎರಡು ಮಾತು. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳದ ಹಾಗೆ ತಳದ ಸೀಳಿನಿಂದ ಕೆಳಗೆ ಇಳಿಯೋ ಮರದ ರೆಕ್ಕೆ ಅದು. ನೀರು ಕುಡಿದು ಊದಿ ತನ್ನ ಪೆಟ್ಟಿಗೆಯಲ್ಲೇ ಕಚ್ಚಿಕೊಂಡಿತ್ತು. ಒಣಗಿಸಿ, ತೆಳುವಾಗಿ ಉಜ್ಜಿ, ಎಪಾಕ್ಸಿ ಬಳಿದೆ. ಅದು ತಿರುಗೋ ಬೋಲ್ಟಿನ ವಾಷರ್ ಗಟ್ಟಿಯಾಗಿ ಸೋರುತ್ತಿತ್ತು, ಲಾರಿ ಟ್ಯೂಬ್ ಕತ್ತರಿಸಿ ಹಾಕಿದೆ.

ಹಗ್ಗ, ರಾಟೆ, ಹಾಯಿ ಅಣ್ಣನ ಇಲಾಖೆ. ಹಾಯಿ ಏರಿಸೋ ಹಗ್ಗಕ್ಕೆ ನೈಲಾನ್ ಬೇಡ, ಎಳೆದಷ್ಟೂ ಹಿಗ್ಗಿ ಹಾಯಿ ಕೆಳಗೆ ಜೋತುಬೀಳುತ್ತದೆ, ಪಾಲಿಯೆಸ್ಟರೇ ಬೇಕು ಅಂತ ಹಟ ಹಿಡಿದು ಬೆಂಗಳೂರಿಂದ ತರಿಸಿದರು. ಕತ್ತದ ಹಗ್ಗದ ಊರಲ್ಲಿ ಕೂತು ಆ ದುಡ್ಡು ಕೊಡೋಕೆ ನನಗೆ ಕರುಳು ಚುರ್ ಅಂದಿತು. ಹಾಯಿಯ ಹೊಲಿಗೆ ಬಿಟ್ಟಿತ್ತು. ಟಾರ್ಪಾಲ್ ಹೊಲಿಯೋರ ಹತ್ತಿರ ಕೊಟ್ಟೆವು, ಅವರು ಹತ್ತಿ ದಾರ ಹಾಕಿಬಿಟ್ಟರು. ಬಿಸಿಲು ನೀರಿಗೆ ಒಂದು ತಿಂಗಳೂ ಬರಲಿಲ್ಲ. ಎರಡನೇ ಸಲ ಪಾಲಿಯೆಸ್ಟರ್ ದಾರ ನಾವೇ ಕೊಂಡುಕೊಟ್ಟು ಎದುರಿಗೆ ಕೂತು ಹೊಲಿಸಿದೆವು. ಹಾಯಿ ಕಟ್ಟೋ ಕೂವೆ ಕಂಬ ಅಲ್ಯೂಮಿನಿಯಂ. ಅದಕ್ಕೆ ಸ್ಟೀಲ್ ಸಾಮಾನು ರಿವೆಟ್ ಮಾಡಿದ ಕಡೆ ಬಿಳಿ ಪುಡಿ ಎದ್ದಿತ್ತು. ಎರಡು ಲೋಹ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಸಮುದ್ರದ ಉಪ್ಪುನೀರಿನಷ್ಟು ಬೇಗ ಅಲ್ಲ, ಆದರೂ ಆಗುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ಇಟ್ಟು ಮತ್ತೆ ಕೂರಿಸಿದೆ.

ನೀರಿಗಿಳಿಸೋದೇ ಒಂದು ಕಥೆ. ಆಷಾಢದಲ್ಲಿ ಗಾಳಿ ಏನು ಬೀಸುತ್ತದೆ ನಮ್ಮ ಕಡೆ! ಆಗ ಕೆರೆಯಲ್ಲಿ ಎಮ್ಮೆ ಮುಳುಗೋಷ್ಟೂ ನೀರಿಲ್ಲ. ಹೇಮಾವತಿ ನಾಲೆ ನೀರು ಬಂದು ಕೆರೆ ತುಂಬೋ ಹೊತ್ತಿಗೆ ಗಾಳಿ ಸುಸ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಪಂಚಾಯ್ತಿಯಲ್ಲಿ ಕೇಳಿ, ಮೀನಿನ ಗುತ್ತಿಗೆಯವರನ್ನೂ ಒಪ್ಪಿಸಿ ನವೆಂಬರಿನಲ್ಲಿ ಇಳಿಸಿದೆವು. ಬಲೆ ಕಟ್ಟಿದ ಕಡೆ ನಡುವಿನ ಹಲಗೆ ಎತ್ತಿಕೊಂಡು ಹೋಗಬೇಕು ಅನ್ನೋದೇ ಅವರ ಷರತ್ತು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಲ್ಲ ಅನ್ನೋದು ಅಣ್ಣನ ಷರತ್ತು. ನನಗೆ ಈಜು ಬರುತ್ತದೆ ಅಂದರೂ ಕೇಳಲಿಲ್ಲ.

ದೋಣಿ ಚೆನ್ನಾಗೇ ಓಡಿತು. ಆದರೆ ದಡಕ್ಕೆ ತಂದು ಮುಚ್ಚಳ ತೆಗೆದರೆ ಎಡ ಟ್ಯಾಂಕಿನಲ್ಲಿ ಎರಡು ಲೀಟರ್ ನೀರು. ಮತ್ತೆ ಸೋಪು, ಮತ್ತೆ ಊದೋದು. ಸೂಜಿ ಮೊನೆಯಷ್ಟು ಒಂದು ಗುಳ್ಳೆ ಬಿಟ್ಟು ಏನೂ ಇಲ್ಲ. ಆ ತೂತಿನಿಂದ ಅರ್ಧ ದಿನಕ್ಕೆ ಎರಡು ಲೀಟರ್ ಹೇಗೆ? ಮುಂದಿನ ವಾರವೂ ಅಷ್ಟೇ. ಮೂರನೇ ವಾರ ನೀರಿಗಿಳಿಸಿ ಹತ್ತು ನಿಮಿಷಕ್ಕೆ ಮುಚ್ಚಳ ಬಿಚ್ಚಲು ಹೋದೆ, ಬರಲೇ ಇಲ್ಲ. ಜೋರಾಗಿ ತಿರುಗಿಸಿದಾಗ 'ಸುಯ್' ಅಂತ ಗಾಳಿ ಒಳಕ್ಕೆ ಎಳೆದುಕೊಂಡಿತು.

ಆಗ ಹೊಳೆಯಿತು. ಬಿಸಿ ಸಾರು ತುಂಬಿದ ಸ್ಟೀಲ್ ಡಬ್ಬಿ ಮುಚ್ಚಿಟ್ಟು ಆರಿದ ಮೇಲೆ ಮುಚ್ಚಳ ಬಿಗಿದುಕೊಳ್ಳೋಲ್ವೇ, ಅದೇ. ದೋಣಿ ಬೆಳಿಗ್ಗೆಯಿಂದ ಏರಿ ಮೇಲೆ ಬಿಸಿಲಲ್ಲಿ ಕಾಯುತ್ತಿತ್ತು. ಒಳಗಿನ ಗಾಳಿ 50 ಡಿಗ್ರಿ ಅಂತಿಟ್ಟುಕೊಳ್ಳಿ, ಕೆರೆ ನೀರು 27. ಅಷ್ಟು ತಣ್ಣಗಾದರೆ ಗಾಳಿ ನೂರಕ್ಕೆ ಏಳು ಪಾಲು ಕುಗ್ಗುತ್ತದೆ. ಆ ಜಾಗ ತುಂಬೋಕೆ ಸೂಜಿ ತೂತಿನಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಸೋರಿಕೆ ಅಲ್ಲ, ಟ್ಯಾಂಕೇ ಕುಡಿಯುತ್ತಿತ್ತು.

ಈಗ ದಡದಲ್ಲಿರೋವಾಗ ಟ್ಯಾಂಕಿನ ಮುಚ್ಚಳ, ನೀರು ಬಸಿಯೋ ತೂತಿನ ಬಿರಡೆ ಎಲ್ಲ ತೆರೆದೇ ಇರುತ್ತವೆ. ಇಳಿಸೋ ಮೊದಲು ಒಡಲಿಗೆ ನಾಲ್ಕು ಬಕೆಟ್ ಕೆರೆ ನೀರು ಸುರಿದು, ಐದು ನಿಮಿಷ ಬಿಟ್ಟು, ಆಮೇಲೆ ಮುಚ್ಚುತ್ತೇವೆ. ಬಿರಡೆ ಮರೆಯಬಾರದು ಅಂತ ಅಣ್ಣ ಅದನ್ನು ದಾರದಲ್ಲಿ ಕಟ್ಟಿ ಚುಕ್ಕಾಣಿ ಹಿಡಿಗೆ ನೇತುಹಾಕಿದ್ದಾರೆ. ಆಟ ಮುಗಿದ ಮೇಲೆ ದೋಣಿ ಬೋರಲು, ಹಳೇ ಟೈರುಗಳ ಮೇಲೆ, ಮಾವಿನ ಮರದ ನೆರಳಿಗೆ. ಬಳ್ಳಾರಿ ಜಾಲಿ ನೆರಳು ಬೇಡ, ಅದರ ಮುಳ್ಳು ಹಾಯಿಗೂ ಕಾಲಿಗೂ ಒಂದೇ.

ಎರಡು ವರ್ಷ ಬಿಟ್ಟು ಮೊನ್ನೆ ಮತ್ತೆ ಮಂಡಿಗೆ ಹೊತ್ತುಕೊಂಡು ಹೋದೆವು. ಈ ಸಲ ನಾಲ್ಕೇ ಹಮಾಲಿಗಳು. 101. ಸಾಹುಕಾರರು ಚೀಟಿಯಲ್ಲಿ 'ದೋಣಿ 1' ಅಂತ ಬರೆದು ತೂಕ ಹಾಕಿಕೊಟ್ಟರು. ಅಣ್ಣ ಚೀಟಿ ನೋಡಿ, "ಇನ್ನೂ ಏಳು ಕೆ.ಜಿ. ಜಾಸ್ತಿ ಇದೆಯಲ್ಲಪ್ಪ, ಎಲ್ಲಿದೆ ನೀರು?" ಅಂದರು. ನೀರಲ್ಲ ಅಣ್ಣ, ಅದು ನನ್ನ ಪುಟ್ಟಿ ಅಂದೆ.