ಕೌದಿಯ ವಯಸ್ಸು, ಕೌದಿಯ ಬೆಲೆ, ಕೌದಿಯ ಬಾಳಿಕೆ

ಮಹಾನವಮಿ ಹತ್ತಿರ ಬಂತೆಂದರೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಹಳ್ಳಿಗಳಲ್ಲಿ ಮನೆಯ ಹಾಸಿಗೆ ಹೊದಿಕೆಯೆಲ್ಲ ಗಂಟು ಕಟ್ಟಿಕೊಂಡು ಹಳ್ಳಕ್ಕೋ ಬೋರಿನ ಮುಂದಕ್ಕೋ ಹೊರಡುತ್ತದೆ. ಘಟಸ್ಥಾಪನೆಗೆ ಮೊದಲು ಮನೆಯಲ್ಲಿ ಮಾಸಿದ ಅರಿವಿ ಒಂದೂ ಉಳಿಯಬಾರದು. ಪದ್ಧತಿ ಒಳ್ಳೆಯದೇ. ಆದರೆ ಹಳೆಯ ಅರಿವಿಯ ತುಂಡು ಜೋಡಿಸಿ ಹೊಲಿದ, ದಿನಾ ಹೊದೆಯುವ ಕೌದಿಯ ಜೊತೆ ಟ್ರಂಕಿನ ತಳದಲ್ಲಿದ್ದ ಹಳೆಯ ಕೌದಿಯೂ ಅದೇ ಗಂಟಿನಲ್ಲಿ ಹೋಗುತ್ತದೆ. ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆದು, ಬಂಡೆಗೆ ಏಟು ತಿಂದು, ಇಬ್ಬರು ಎರಡು ತುದಿ ಹಿಡಿದು ಹಿಂಡಿದರೆಂದರೆ ಅದರಲ್ಲಿದ್ದ ಇಳಕಲ್ ಸೆರಗಿನ ಬಣ್ಣ ಅರ್ಧಕ್ಕರ್ಧ ನೀರುಪಾಲು.

ಹಬ್ಬಕ್ಕೆ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮನೆಯ ಕೌದಿಗಳನ್ನು ಬಳಸುವಂಥವು, ಕಾಪಿಡುವಂಥವು ಎಂದು ಎರಡು ಪಾಲು ಮಾಡಿ. ಯಾವುದು ಯಾವ ಪಾಲಿಗೆ ಎಂದು ತೀರ್ಮಾನಿಸಲು ಮನೆಮಂದಿಯ ಮಾತೊಂದೇ ಸಾಲದು, ಅರಿವಿಯನ್ನೂ ದಾರವನ್ನೂ ವಿಚಾರಿಸಬೇಕು.

ಮೊದಲು ಹರವಿ ನೋಡಿ

ನೆಲದ ಮೇಲೆ ಬಿಳಿ ಚಾದರ ಹಾಸಿ, ಅದರ ಮೇಲೆ ಕೌದಿ ಹರವಿ. ಬಾಗಿಲ ಬೆಳಕು ಬೀಳುವ ಜಾಗ ಸಾಕು, ಬಿಸಿಲು ಬೇಡ. ಬಳೆ, ಉಂಗುರ ತೆಗೆದಿಡಿ. ಹಳೆಯ ದಾರ ಅವಕ್ಕೆ ಸಿಕ್ಕಿ ಹರಿಯುತ್ತದೆ. ಭೂತಗನ್ನಡಿ, ಅಳತೆ ಪಟ್ಟಿ, ನೋಟ್‌ಬುಕ್ಕು ಹತ್ತಿರ ಇರಲಿ. ಮೊಬೈಲಿನಲ್ಲಿ ಮುಂಬದಿ, ಹಿಂಬದಿ, ನಾಲ್ಕೂ ಮೂಲೆ, ಹರಿದ ಜಾಗ, ಇವುಗಳ ಫೋಟೋ ತೆಗೆಯಿರಿ. ಅಲ್ಲಿಯವರೆಗೆ ನೀರು, ಸೋಪು, ಸೂಜಿ ಯಾವುದೂ ಹತ್ತಿರ ಸುಳಿಯಬಾರದು.

ವಯಸ್ಸು ಹೇಳುವುದು ಹೊಸ ತುಂಡು

ಕೌದಿಯ ವಯಸ್ಸಿನ ಲೆಕ್ಕಕ್ಕೆ ಒಂದೇ ಸೂತ್ರ: ಅದರಲ್ಲಿರುವ ಅತಿ ಹೊಸ ಅರಿವಿಗಿಂತ ಅದು ಹಳೆಯದಾಗಿರಲಾರದು. ಅಜ್ಜಿಯ ಮದುವೆ ಸೀರೆಯ ತುಂಡು ಇದೆ ಎಂದ ಮಾತ್ರಕ್ಕೆ ಕೌದಿ ಅಜ್ಜಿಯ ಮದುವೆ ಕಾಲದ್ದಾಗುವುದಿಲ್ಲ. ಸೀರೆ ಮೂವತ್ತು ವರ್ಷ ಉಟ್ಟು, ಹತ್ತು ವರ್ಷ ಟ್ರಂಕಿನಲ್ಲಿದ್ದು, ಆಮೇಲೆ ಕೌದಿಗೆ ಬಂದಿರಬಹುದು. ಆದ್ದರಿಂದ ಹಳೆಯ ತುಂಡಿಗೆ ಮರುಳಾಗದೆ ಹೊಸದನ್ನು ಹುಡುಕಿ.

ಹುಡುಕಲು ಸುಲಭವಾದದ್ದು ಪಾಲಿಯೆಸ್ಟರೂ ಹತ್ತಿಯೂ ಬೆರೆತ ಟೆರಿಕಾಟ್. ಭಾರತದಲ್ಲಿ ಪಾಲಿಯೆಸ್ಟರ್ ನೂಲು ತಯಾರಾಗತೊಡಗಿದ್ದು 1960ರ ದಶಕದಲ್ಲಿ. ಹಳ್ಳಿಯ ಗಂಡಸರ ಮೈಮೇಲೆ ಟೆರಿಕಾಟ್ ಅಂಗಿ ಸಾಮಾನ್ಯವಾದದ್ದು ಇನ್ನೂ ಆಮೇಲೆ. ಅಂಗಿ ಹಳತಾಗಿ ಕೌದಿ ಸೇರಲು ಮತ್ತಷ್ಟು ವರ್ಷ ಕೂಡಿಸಿ. ಕೈಗೆ ನುಣುಪಾಗಿ, ಸುಕ್ಕಿಲ್ಲದೆ, ಸುತ್ತಲ ಹತ್ತಿ ಅರಿವಿ ಸವೆದರೂ ತಾನು ಗಟ್ಟಿಯಾಗಿ ಕೂತ ತುಂಡಿದ್ದರೆ ಅನುಮಾನಪಡಿ. ಖಾತ್ರಿಗೆ ಹೊಲಿಗೆಯೊಳಗಿಂದ ಬಿಚ್ಚಿಕೊಂಡ ಒಂದೇ ಎಳೆಯನ್ನು ಚಿಮಟದಲ್ಲಿ ಹಿಡಿದು, ಕೌದಿಯಿಂದ ದೂರ, ನೀರಿನ ತಟ್ಟೆಯ ಮೇಲೆ ಸುಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಹೊಡೆದು, ಬೆರಳಲ್ಲಿ ಹಿಚುಕಿದರೆ ಪುಡಿಯಾಗುವ ಕರಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಹಿಚುಕಿದರೂ ಒಡೆಯದ ಗಟ್ಟಿ ಗುಂಡಾಗುತ್ತದೆ. ಇಳಕಲ್ ಸೆರಗೂ ಇಲ್ಲಿ ಸಿಕ್ಕಿಬೀಳುತ್ತದೆ: ಅಪ್ಪಟ ರೇಷ್ಮೆಯೋ, ನೇಕಾರರು ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂಬುದು ಒಂದು ಎಳೆಯಲ್ಲಿ ತಿಳಿಯುತ್ತದೆ. ಚಮಕಾ ಉರಿಯುವುದು ಹತ್ತಿಯ ಹಾಗೆ.

ಒಳಪದರಕ್ಕೆ ಹಾಕಿದ ಮಾದರಪಾಟದಲ್ಲಿ (ಗಿರಣಿಯ ಸಾದಾ ಹತ್ತಿ ಅರಿವಿ) ಮಿಲ್ಲಿನ ಮುದ್ರೆ ಕೆಲವೊಮ್ಮೆ ಉಳಿದಿರುತ್ತದೆ. ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ 1877ರಲ್ಲಿ ಶುರುವಾದದ್ದು, ಹಾಗಾಗಿ ಈ ಸೀಮೆಯಲ್ಲಿ ಗಿರಣಿ ಅರಿವಿಗೆ ಬರವಿರಲಿಲ್ಲ. ಮುದ್ರೆಯಲ್ಲಿ ಅಳತೆ ಯಾವುದಿದೆ ನೋಡಿ. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದು, 1962ರ ಹೊತ್ತಿಗೆ ಗಜದ ಜಾಗಕ್ಕೆ ಮೀಟರ್ ಕಡ್ಡಾಯವಾಯಿತು. ಗಜದ ಮುದ್ರೆ ಸಿಕ್ಕರೆ ಆ ಅರಿವಿ ನೆಹರೂ ಕಾಲದ್ದು ಅಥವಾ ಅದಕ್ಕೂ ಹಿಂದಿನದು.

ಕಿರಾಣಿ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪವೂ ಉಪಯೋಗಕ್ಕೆ ಬರುತ್ತದೆ. ಅರಿವಿಗೆ ಹೊಳಪು ಕೊಡುವ ರಾಸಾಯನಿಕ ಗಿರಣಿಗೂ ತೊಳೆಯುವ ಪುಡಿಗೂ ಬಂದದ್ದು 1940ರ ದಶಕದಿಂದೀಚೆಗೆ. ಕತ್ತಲೆಯಲ್ಲಿ ಆ ದೀಪ ಹಿಡಿದಾಗ ಬಿಳಿ ಭಾಗ ನೀಲಿಯಾಗಿ ಹೊಳೆದರೆ ಅದು ಹೊಸ ಅರಿವಿ, ಇಲ್ಲವೇ ಹೊಸ ಪುಡಿಯಲ್ಲಿ ತೊಳೆದ ಹಳೆಯ ಅರಿವಿ. ಎರಡರಲ್ಲಿ ಯಾವುದು ಎಂದು ದೀಪ ಹೇಳದು. ಆದರೆ ದಾರ ಮಾತ್ರ ಹೊಳೆದು ಅರಿವಿ ಹೊಳೆಯದಿದ್ದರೆ, ಆಮೇಲೆ ಯಾರೋ ಹೊಸ ದಾರ ಹಾಕಿ ಹೊಲಿದಿದ್ದಾರೆ.

ಇನ್ನೊಂದು ತೊಡಕು. ನಮ್ಮಲ್ಲಿ ಸವೆದ ಕೌದಿಯನ್ನು ಎಸೆಯುವುದಿಲ್ಲ, ಅದನ್ನೇ ಹೊಟ್ಟೆಯಲ್ಲಿಟ್ಟು ಮೇಲೆ ಹೊಸ ತುಂಡು ಹೊಲಿಯುತ್ತಾರೆ. ಅಕ್ಕಲಕೋಟ ತಾಲ್ಲೂಕಿನ ಒಂದು ಮನೆಯಲ್ಲಿ ನೋಡಿದ ಕೌದಿ ಹಾಗಿತ್ತು. "ನಮ್ಮ ಮುತ್ತ್ಯಾನ ಕಾಲದ್ದು ನೋಡ್ರಿ, ನೂರು ವರ್ಷ ಆಗಿರಬೇಕು" ಎಂದು ಮನೆಯ ಆಯಿ. "ಎಲ್ಲಿ ಬಂತಬೇ ನೂರು ವರ್ಷ, ಇಲ್ಲಿ ಅಪ್ಪನ ಟೆರಿಕಾಟ್ ಅಂಗಿ ಐತಿ" ಎಂದು ಮೊಮ್ಮಗ. ಅಂಗಿಯ ತುಂಡು ನಡುವಿನಿಂದ ಮೂರನೇ ಸುತ್ತಿನಲ್ಲಿತ್ತು. ಅದು ಆಮೇಲೆ ಹಚ್ಚಿದ ತ್ಯಾಪಿ, ಅಂದರೆ ತೇಪೆ, ಆಗಿದ್ದರೆ ಹಳೆಯ ಹೊಲಿಗೆ ಅದರ ಕೆಳಗೆ ಹೋಗಬೇಕಿತ್ತು. ಇಲ್ಲಿ ಕೌದಿಯ ಮೂಲ ಹೊಲಿಗೆಯೇ ಅದರ ಮೇಲೆ ಹಾದಿತ್ತು. ಮೊಮ್ಮಗನ ಮಾತು ಸರಿ. ಆದರೆ ಬಿಚ್ಚಿದ ಮೂಲೆಯಲ್ಲಿ ಟಾರ್ಚ್ ಹಿಡಿದಾಗ ಒಳಗೆ ಇನ್ನೊಂದು ಕೌದಿ: ಬೇರೆ ದಾರ, ಬೇರೆ ಅಂತರದ ಹೊಲಿಗೆ, ಬಣ್ಣ ಹೋದ ಖಣ. ಆಯಿ ಹೇಳಿದ್ದು ಒಳಗಿನದರ ವಯಸ್ಸು. ಇಂಥದ್ದು ಸಿಕ್ಕರೆ ಬಿಚ್ಚಿ ಬೇರೆ ಮಾಡುವ ಆಸೆ ಬಿಡಿ. ಹೊರಗಿನದು ಹೋದರೆ ಒಳಗಿನದೂ ಉಳಿಯುವುದಿಲ್ಲ.

ಮನೆಮಂದಿಯನ್ನು ಇಸವಿ ಕೇಳಿದರೆ ಉತ್ತರ ಸಿಗುವುದಿಲ್ಲ, ಘಟನೆ ಹಿಡಿದು ಕೇಳಿ. "1972ರ ಬರಕ್ಕೆ ಮೊದಲ ಹೊಲಿದದ್ದೋ, ಆಮೇಲಿಂದೋ?" "ಕಿಲ್ಲಾರಿ ಭೂಕಂಪ ಆದಾಗ ಅಂಗಳದಾಗ ಮಲಗಿದ್ರಲ್ಲ, ಆಗ ಇದನ್ನ ಹೊದ್ದಿದ್ರೇನು?" ಆ ಭೂಕಂಪ 1993ರ ಸೆಪ್ಟೆಂಬರ್ 30ರಂದು, ಈ ಭಾಗದ ನಡುವಯಸ್ಸಿನವರಿಗೆಲ್ಲ ಆ ದಿನ ನೆನಪಿದೆ. ರಜಾಕಾರರ ಗಲಾಟೆ ನೆನಪಿರುವ ಹಿರಿಯರು ಇದ್ದರೆ ನಿಮ್ಮ ಲೆಕ್ಕ 1948ಕ್ಕೂ ಹಿಂದೆ ಹೋಗುತ್ತದೆ.

ಬೆಲೆ ಯಾವುದಕ್ಕೆ?

ವಯಸ್ಸೊಂದಕ್ಕೇ ಯಾರೂ ಹಣ ಕೊಡುವುದಿಲ್ಲ. ಕೈಹೊಲಿಗೆಯ ಅಚ್ಚುಕಟ್ಟು, ತುಂಡು ಜೋಡಿಸಿದ ಕಣ್ಣು, ಅರಿವಿಯ ಸ್ಥಿತಿ, ಯಾರು ಯಾರಿಗಾಗಿ ಹೊಲಿದರು ಎಂಬ ವಿವರ, ಇವೆಲ್ಲ ಸೇರಿ ಬೆಲೆ. ಹಿಂಬದಿ ತಿರುಗಿಸಿ ನೋಡಿ. ಒಳ್ಳೆಯ ಕೈಯ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುಸುತ್ತಾಗಿ ನಡುವಿಗೆ ಬರುತ್ತದೆ, ಸಾಲಿಂದ ಸಾಲಿಗೆ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಇವೆ ಎಂದು ನಾಲ್ಕಾರು ಕಡೆ ಎಣಿಸಿ ಬರೆದಿಡಿ. ಮೂಲೆಯಲ್ಲಿ ಮಡಿಸಿದ ತ್ರಿಕೋನ ತುಂಡುಗಳಿದ್ದರೆ ಅದು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಯದಾಗಿರಬಹುದು. ಅದಕ್ಕೆ ಹೊರದೇಶಗಳಲ್ಲೂ ಹೆಸರಿದೆ. ಕಸೂತಿ ಇರುವ ಸೆರಗಿನ ತುಂಡು, ಸೆರಗೂ ಮೈಯೂ ಕೂಡುವ ಕೊಂಡಿಯ ಗೆರೆ ಕಾಣುವ ಇಳಕಲ್ ತುಂಡು ಇದ್ದರೆ ಪ್ರತ್ಯೇಕವಾಗಿ ಬರೆದುಕೊಳ್ಳಿ.

ಈಗ ಹಳತೆಂದು ಮಾರಲು ಹೊಸದಾಗಿ ಸವೆಸಿದ ಕೌದಿಗಳೂ ಬಂದಿವೆ. ಅವನ್ನು ಹಿಡಿಯುವುದು ಕಷ್ಟವಲ್ಲ. ತ್ಯಾಪಿಯ ಅಂಚು ಎತ್ತಿ ಕೆಳಗೆ ನೋಡಿ: ಕೆಳಗಿನ ಅರಿವಿ ಗಟ್ಟಿಯಾಗಿಯೇ ಇದ್ದರೆ ಅಲ್ಲಿ ತ್ಯಾಪಿ ಯಾಕೆ? ನಿಜವಾದ ಕೌದಿ ಸವೆಯುವುದು ಗದ್ದಕ್ಕೆ ತಾಗುವ ಅಂಚು, ಕಾಲು ಎಳೆಯುವ ತುದಿ, ಮಡಿಕೆಯ ಗೆರೆ, ಈ ಜಾಗಗಳಲ್ಲಿ. ಎಲ್ಲ ಕಡೆ ಒಂದೇ ಸಮ ಸವೆದದ್ದು ಕಲ್ಲಿನಲ್ಲಿ ಉಜ್ಜಿದ್ದು.

ಅಂಗಡಿಯ ಜೈಪುರಿ ರಜಾಯಿ, ಪಾಲಿಯೆಸ್ಟರ್ ತುಂಬಿದ ಹೊದಿಕೆಗಳ ವಿಷಯ ಬೇಗ ಮುಗಿಯುತ್ತದೆ. ಪಾಲಿಯೆಸ್ಟರ್‌ನದನ್ನು ಚೀಟಿಯಲ್ಲಿ ಬರೆದಂತೆ ಮಷೀನಿಗೆ ಹಾಕಿ. ಹತ್ತಿ ತುಂಬಿದ್ದನ್ನು ನೀರಿಗೆ ಹಾಕಬೇಡಿ, ಹತ್ತಿ ಗಡ್ಡೆಕಟ್ಟುತ್ತದೆ. ಬಿಸಿಲಿಗೆ ಹಾಕಿ, ಅಗತ್ಯವಾದರೆ ನದಾಫರ ಕೈಯಲ್ಲಿ ಹಿಂಜಿಸಿ.

ತೊಳೆಯಲೇಬೇಕೇ?

ಕಾಪಿಡುವ ಪಾಲಿನ ಕೌದಿಯನ್ನು ಆದಷ್ಟೂ ತೊಳೆಯಬೇಡಿ. ಕೌದಿಯ ಮೇಲೆ ಸೊಳ್ಳೆಪರದೆಯ ತುಂಡು ಹಾಕಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ಎಳೆತಕ್ಕಿಟ್ಟು ಧೂಳು ತೆಗೆಯಿರಿ. ವಾಸನೆಗೆ ನೆರಳಿನ ಗಾಳಿ ಸಾಕು.

ತೊಳೆಯಲೇಬೇಕೆಂದರೆ ಪ್ರತಿ ಬಣ್ಣಕ್ಕೂ ಪರೀಕ್ಷೆ ಮಾಡಿ: ಒಂದು ಹನಿ ನೀರು ಬಿಟ್ಟು ಬಿಳಿ ಬಟ್ಟೆ ಒತ್ತಿ, ಆಮೇಲೆ ಸೋಪಿನ ನೀರಲ್ಲಿ ಮತ್ತೊಮ್ಮೆ. ಒಂದೇ ಒಂದು ತುಂಡು ಬಣ್ಣ ಬಿಟ್ಟರೂ ತೊಳೆತ ರದ್ದು. ಕೆಂಪಿನ ಬಗ್ಗೆ ಜಾಸ್ತಿ ಎಚ್ಚರ. ಕಂದು, ಕಪ್ಪು ತುಂಡುಗಳು ಬಣ್ಣ ಬಿಡದಿದ್ದರೂ ಪುಡಿಪುಡಿಯಾಗುವುದುಂಟು. ಹಳೆಯ ಕಾಲದಲ್ಲಿ ಆ ಬಣ್ಣಕ್ಕೆ ಬಳಸಿದ ಕಬ್ಬಿಣದ ಉಪ್ಪು ಹತ್ತಿಯನ್ನು ಒಳಗಿಂದಲೇ ತಿನ್ನುತ್ತದೆ. ಸುತ್ತಲ ಅರಿವಿ ಚೆನ್ನಾಗಿದ್ದು ಕರಿ ತುಂಡು ಮಾತ್ರ ಚಿಂದಿಯಾಗಿದ್ದರೆ ಕಾರಣ ಇಲಿಯಲ್ಲ, ಇದು.

ಪರೀಕ್ಷೆ ದಾಟಿದರೆ ಅಗಲವಾದ ತೊಟ್ಟಿಯಲ್ಲಿ ಹಳೆಯ ಚಾದರ ಹಾಸಿ, ಅದರ ಮೇಲೆ ಕೌದಿ ಇಟ್ಟು, ತಣ್ಣೀರು, ಸೌಮ್ಯವಾದ ದ್ರವ ಸೋಪು ಹಾಕಿ. ಅಂಗೈಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಉಜ್ಜುವುದು, ಹಿಂಡುವುದು, ಬ್ರಷ್, ಬ್ಲೀಚ್ ಯಾವುದೂ ಬೇಡ. ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿ. ನೀರು ಕುಡಿದ ಕೌದಿಯ ಭಾರವನ್ನು ಅದರ ದಾರ ತಾಳಲಾರದು. ಎತ್ತುವಾಗ ಕೆಳಗಿನ ಚಾದರವನ್ನು ನಾಲ್ವರು ಹಿಡಿದೆತ್ತಿ. ಹಗ್ಗಕ್ಕೆ ಜೋತುಹಾಕದೆ ನೆರಳಲ್ಲಿ ಹೊರಸಿನ ಮೇಲೆ ಹರವಿ, ಕೆಳಗಿಂದಲೂ ಗಾಳಿಯಾಡುತ್ತದೆ.

ಇಡುವುದು ಹೇಗೆ

ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ವೃತ್ತಪತ್ರಿಕೆ ಹಾಸಿ ಇಡುವುದೂ ಬೇಡ (ಪತ್ರಿಕೆಯಲ್ಲೇ ಇದನ್ನು ಬರೆಯಬೇಕಾಗಿದೆ, ಇರಲಿ). ಆ ಕಾಗದದ ಆಮ್ಲ ಅರಿವಿಯನ್ನು ಹಳದಿ ಮಾಡುತ್ತದೆ. ಮರದ ಪೆಟ್ಟಿಗೆಯಾದರೆ ಮರ ನೇರವಾಗಿ ತಾಗದಂತೆ, ತೊಳೆದು ಗಂಜಿ ಹೋದ ಬಿಳಿ ಹತ್ತಿ ಬಟ್ಟೆ ಹಾಸಿ. ಅಂಥದ್ದೇ ಬಟ್ಟೆಯಲ್ಲಿ ಕೌದಿ ಸುತ್ತಿ. ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಟ್ಟರೆ ಗೆರೆ ಬೀಳುವುದಿಲ್ಲ. ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ ತೆಗೆದು ಬೇರೆ ಜಾಗದಲ್ಲಿ ಮಡಿಸಿ.

ಒಣಗಿದ ಬೇವಿನೆಲೆಯನ್ನು ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ಪದರದೊಳಗೆ ಉದುರಿಸಿದರೆ ಕಲೆ. ನುಸಿಗುಳಿಗೆ ಅರಿವಿಗೆ ತಾಗಬಾರದು. ಅದರ ಜೊತೆ ಕರ್ಪೂರ ಬೆರೆಸಿದರೆ ಎರಡೂ ಕರಗಿ ಕೌದಿಗೇ ಇಳಿಯುತ್ತವೆ. ಕೌದಿಯ ಹೊಟ್ಟೆ ಬರಿದಿರಬಾರದೆಂದು ಕೆಲವು ಕಡೆ ಮೂಲೆಯಲ್ಲಿ ರೊಟ್ಟಿಯ ಚೂರೋ ನಾಲ್ಕು ಕಾಳೋ ಇಟ್ಟು ಹೊಲಿಯುವ ಪದ್ಧತಿಯಿದೆ. ಹಾಗಿದ್ದರೆ ಮೂಲೆಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಿರಿ, ಹುಳವೂ ಇಲಿಯೂ ಮೊದಲು ಬರುವುದು ಅಲ್ಲಿಗೆ. ಹುಳ ಕಂಡರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಪ್ಲಾಸ್ಟಿಕ್ಕಿಗೆ ಕೆಲಸವಿರುವುದು ಇಲ್ಲಿ ಮಾತ್ರ. ಹೊರತೆಗೆದ ಮೇಲೆ ಒಂದು ದಿನ ಕಟ್ಟು ಬಿಚ್ಚಬೇಡಿ, ಇಲ್ಲದಿದ್ದರೆ ಗಾಳಿಯ ತೇವ ಅರಿವಿಯ ಮೇಲೆ ಕೂರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಕೌದಿ ಹಿಡಿಯುವುದಿಲ್ಲ. ಐಸ್‌ಕ್ರೀಮ್ ಅಂಗಡಿಯವರ ಸ್ನೇಹ ಬೇಕು.

ಹರಿದಿದ್ದರೆ ಹಳೆಯ ದಾರ ಕೀಳದೆ, ಕೆಳಗಿಂದ ಮೆತ್ತನೆಯ ಹತ್ತಿ ತುಂಡು ಕೊಟ್ಟು, ಹತ್ತಿ ದಾರದಲ್ಲಿ ಸಡಿಲವಾಗಿ ಹಿಡಿಸಿ. ಅಂಟು ಬೇಡ. ಹಿಂದಿನವರು ಹಾಕಿದ ತ್ಯಾಪಿ ಅಂದಗೆಟ್ಟಿದ್ದರೂ ತೆಗೆಯಬೇಡಿ, ಅದೂ ದಾಖಲೆಯೇ.

ಹೆಸರು ಹೊಲಿಯಿರಿ, ಆಮೇಲೆ ಮಾರಾಟದ ಮಾತು

ಹೊಲಿದವರ ಹೆಸರು, ಊರು, ಅಂದಾಜು ಕಾಲ, ಯಾರ ಸೀರೆ ಯಾರ ಧೋತರ ಎಂಬುದನ್ನು ಹತ್ತಿ ಪಟ್ಟಿಯ ಮೇಲೆ ಬಣ್ಣ ಬಿಡದ ಶಾಯಿಯಲ್ಲಿ ಬರೆದು, ಒಣಗಿದ ಮೇಲೆ ಒಮ್ಮೆ ತೊಳೆದು, ಹಿಂಬದಿಯ ಮೂಲೆಗೆ ಮೇಲುಪದರಕ್ಕಷ್ಟೇ ತಾಗುವಂತೆ ಹೊಲಿಯಿರಿ. ಕೌದಿಯ ಮೇಲೆ ನೇರವಾಗಿ ಬರೆಯಬೇಡಿ.

ಪುಣೆ, ಮುಂಬೈ ಕಡೆಯಿಂದ ಕೊಳ್ಳುವವರು ಬಂದರೆ ನಿಮ್ಮ ಫೋಟೋ, ಹೊಲಿಗೆಯ ಲೆಕ್ಕ, ಈ ಪಟ್ಟಿ ತೋರಿಸಿ ಮಾತಾಡಿ. "ನೂರು ವರ್ಷದ್ದು" ಎಂಬ ಮಾತನ್ನು ಸುಮ್ಮನೆ ಆಡಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ಕಲಾಕೃತಿ ಪುರಾವಸ್ತು ಎನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಕೊಳ್ಳುವವರು ವಿದೇಶಕ್ಕೆ ಎಂದರೆ, ಕೌದಿಯಲ್ಲಿರುವ ಟೆರಿಕಾಟ್ ತುಂಡಿನ ಫೋಟೋವನ್ನೂ ರಸೀದಿಗೆ ಲಗತ್ತಿಸಿ ಕೊಡಿ.